ಬ್ಯಾಕ್ ಆಡುವ ಹುಡುಗನಿಗೆ ರೀಲ್ಸ್ ಇಲ್ಲ

ಕಾಲೇಜು ಟೀಮಿನ ಸೆಲೆಕ್ಷನ್ ಹತ್ತಿರ ಬಂತೆಂದರೆ ಉಪ್ಪಳದಿಂದ ತೃಕ್ಕರಿಪುರದವರೆಗೆ ಪ್ರತಿ ಅಂಗಡಿ ಜಗಲಿಯಲ್ಲೂ ಒಬ್ಬೊಬ್ಬ ಕೋಚ್ ಹುಟ್ಟಿಕೊಳ್ಳುತ್ತಾನೆ. ಯಾವ ಹುಡುಗ ಯಾವ ಕಾಲೇಜಿಗೆ, ಯಾರಿಗೆ ಸ್ಪೋರ್ಟ್ಸ್ ಕೋಟಾ ಸೀಟು, ಯಾರನ್ನು ಕಣ್ಣೂರಿನವರು ಕರೆದರು, ಎಲ್ಲ ತೀರ್ಮಾನ ಅಲ್ಲಿಯೇ ಆಗುತ್ತದೆ. ಮಾತು ಶುರುವಾಗುವುದು ಒಂದೇ ಪ್ರಶ್ನೆಯಿಂದ: "ಅವನು ಎಷ್ಟು ಗೋಲು ಹೊಡೆದ?" ಗೋಲು ಹೊಡೆಯುವುದು ಕೆಲಸವೇ ಅಲ್ಲದ ಹುಡುಗನ ಬಗ್ಗೆಯೂ ಅದೇ ಪ್ರಶ್ನೆ. ಇದು ಬರೀ ಬಾಯಿಚಪಲ ಅಂತ ಬಿಡುವಂಥದ್ದಲ್ಲ. ಇದರಿಂದ ನಮ್ಮ ಮಕ್ಕಳ ಸೀಟು ಹೋಗುತ್ತಾ ಉಂಟು.

2022ರ ಏಪ್ರಿಲ್‌ನಲ್ಲಿ ಮಂಜೇರಿಯಲ್ಲಿ ನಡೆದ ಸಂತೋಷ್ ಟ್ರೋಫಿ ಸೆಮಿಫೈನಲ್ ನಿಮಗೆ ನೆನಪಿದೆ. ಕೇರಳ 7, ಕರ್ನಾಟಕ 3. ಬದಲಿ ಆಟಗಾರನಾಗಿ ಬಂದ ಜೆಸಿನ್ ಒಬ್ಬನೇ ಐದು ಗೋಲು ಹೊಡೆದ. ಗಡಿಯಲ್ಲಿ ಕೂತ ನಮಗೆ ಎರಡೂ ಕಡೆ ನಮ್ಮದೇ, ಆದ್ದರಿಂದ ಆ ರಾತ್ರಿ ಗಮ್ಮತ್ತೂ ಆಯಿತು, ಬೇಸರವೂ ಆಯಿತು. ಇವತ್ತಿಗೂ ಆ ಐದು ಗೋಲುಗಳನ್ನು ಕೈಕಾಲು ಆಡಿಸಿ ವಿವರಿಸುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಏಳು ಗೋಲು ಬಿಟ್ಟ ಬ್ಯಾಕ್ ಲೈನ್ ಎಲ್ಲಿ ಬಿರುಕುಬಿಟ್ಟಿತು, ಗೆದ್ದ ಕೇರಳವೂ ಮೂರು ಗೋಲು ಬಿಟ್ಟುಕೊಟ್ಟದ್ದು ಹೇಗೆ ಅಂತ ಕೇಳಿ ನೋಡಿ. ಒಬ್ಬರೂ ಬಾಯಿ ಬಿಡುವುದಿಲ್ಲ. ಹತ್ತು ಗೋಲಾದ ಆಟವನ್ನು ಇಷ್ಟು ಜನ ನೋಡಿಯೂ ಅರ್ಧ ಆಟ ಮಾತ್ರ ನೋಡಿದ್ದಾರೆ.

ಹುಡುಗರು ದಡ್ಡರಲ್ಲ. ಯಾರಿಗೆ ಚಪ್ಪಾಳೆ ಬೀಳುತ್ತದೆ ಅಂತ ಅವರಿಗೆ ಗೊತ್ತು. ಫಾರ್ವರ್ಡ್ ಒಂದು ಗೋಲು ಹೊಡೆದರೆ ಹದಿನೈದು ಸೆಕೆಂಡಿನ ರೀಲ್ಸ್ ಆಗುತ್ತದೆ, ಸಂಜೆಗೆ ದುಬೈಯಲ್ಲಿರುವ ಮಾವನೂ ನೋಡುತ್ತಾನೆ. ಸ್ಟಾಪರ್ ಆಡುವವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಪಾಸನ್ನೇ ಆಗದಂತೆ ಮಾಡಿದರೆ ವೀಡಿಯೋದಲ್ಲಿ ಕಾಣಲು ಏನೂ ಇಲ್ಲ, ಯಾಕೆಂದರೆ ಏನೂ ನಡೆಯಲಿಲ್ಲ! ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು, ನನಗೆ ಇದು ಬೇರಿಂಗ್ ಇದ್ದ ಹಾಗೆ ಕಾಣುತ್ತದೆ. ಸರಿ ಇರುವಷ್ಟು ದಿನ ಅದರ ಹೆಸರನ್ನೇ ಯಾರೂ ಎತ್ತುವುದಿಲ್ಲ, ಶಬ್ದ ಬಂದ ದಿನ ಎಲ್ಲರೂ ಬೈಯುತ್ತಾರೆ. ಹಾಗಾಗಿ ಒಳ್ಳೆಯ ಬ್ಯಾಕ್ ಆಗಬಹುದಾದ ಹುಡುಗ ಹದಿನಾರಕ್ಕೆ "ನಾನು ವಿಂಗರ್" ಅನ್ನುತ್ತಾನೆ. ಟ್ರಯಲ್ಸ್‌ಗೆ ಹೋದರೆ ಅಲ್ಲಿ ಅವನಂಥ ವಿಂಗರುಗಳ ಸಾಲು, ಬ್ಯಾಕ್‌ಗಳ ಕಡೆ ಜನವೇ ಇಲ್ಲ. ಮೂರನೇ ದರ್ಜೆಯ ವಿಂಗರ್ ಆಗಿ ಮನೆಗೆ ಬರುತ್ತಾನೆ.

ಇನ್ನು ಸೆವೆನ್ಸ್. ಸೆವೆನ್ಸ್ ನಮ್ಮ ಪ್ರಾಣ, ಅದನ್ನು ಬೈದರೆ ನನ್ನನ್ನು ಊರಲ್ಲಿ ಇರಲು ಬಿಡುವುದಿಲ್ಲ, ಬೈಯುವುದೂ ಇಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಸೆವೆನ್ಸ್‌ನಲ್ಲಿ ಆಫ್‌ಸೈಡ್ ಇಲ್ಲ. ಆಫ್‌ಸೈಡ್ ಇಲ್ಲದ ಕಡೆ ಬ್ಯಾಕ್ ಮಾಡುವ ಕೆಲಸ ಒಂದೇ, ತನ್ನ ಎದುರಾಳಿಯನ್ನು ಅಂಟಿಕೊಂಡಿರುವುದು, ಬಾಲು ಬಂದರೆ ಎತ್ತಿ ಹೊಡೆಯುವುದು. ಹನ್ನೊಂದರ ಆಟದಲ್ಲಿ ಹಾಗಲ್ಲ. ನಾಲ್ಕು ಜನ ಒಂದು ಗೆರೆಯಲ್ಲಿ ನಿಂತು ಒಟ್ಟಿಗೆ ಮೇಲೆ ಹೋಗಬೇಕು, ಒಟ್ಟಿಗೆ ಹಿಂದೆ ಬರಬೇಕು. ಒಬ್ಬ ಎರಡು ಗಜ ಹಿಂದೆ ಉಳಿದರೆ ಎದುರಾಳಿ ಫಾರ್ವರ್ಡ್‌ಗೆ ಬಾಗಿಲು ತೆರೆದ ಹಾಗೆ. ಡಿಸೆಂಬರಿನಿಂದ ಮಳೆಗಾಲದವರೆಗೆ ಬರೀ ಸೆವೆನ್ಸ್ ಆಡಿದ ಹುಡುಗ ಈ ಗೆರೆಯನ್ನು ಎಲ್ಲಿ ಕಲಿಯಬೇಕು? ಜೂನ್‌ನಲ್ಲಿ ಕಾಲೇಜು ಟ್ರಯಲ್ಸ್‌ಗೆ ಹೋಗಿ ಅಲ್ಲಿ ತಪ್ಪಿದರೆ "ಮಲಯಾಳದವರು ನಮ್ಮವರನ್ನು ತೆಗೆದುಕೊಳ್ಳುವುದಿಲ್ಲ" ಅನ್ನುತ್ತೇವೆ. ಕೆಲವು ಕಡೆ ಅದೂ ನಿಜ ಇರಬಹುದು. ಎಲ್ಲ ಕಡೆ ಅಲ್ಲ.

ಬ್ಯಾಕ್ ಆಟಗಾರನನ್ನು ನೋಡುವುದು ಹೇಗೆ ಅಂತ ಕೇಳುವವರಿಗೆ ಹೇಳುತ್ತೇನೆ. ಹತ್ತು ನಿಮಿಷ ಬಾಲನ್ನು ನೋಡಬೇಡಿ. ಕಷ್ಟ, ಆದರೆ ನೋಡಬೇಡಿ. ಆ ಹುಡುಗನ ಕುತ್ತಿಗೆ ನೋಡಿ. ಬಾಲು ಆಚೆ ಬದಿಯಲ್ಲಿ ಇರುವಾಗ ಅವನು ಹಿಂದೆ ತಿರುಗಿ ಎಷ್ಟು ಸಲ ನೋಡುತ್ತಾನೆ? ಬಾಯಿ ನೋಡಿ, ಪಕ್ಕದವನಿಗೆ ಕೂಗಿ ಹೇಳುತ್ತಾನೋ ಇಲ್ಲವೋ. ಎದುರಾಳಿ ಬಾಲು ಹಿಡಿದು ಬರುವಾಗ ಎದುರಿಗೆ ನೆಟ್ಟಗೆ ನಿಲ್ಲುತ್ತಾನೋ, ಅರ್ಧ ಓರೆಯಾಗಿ ನಿಂತು ಅವನನ್ನು ಲೈನಿನ ಕಡೆಗೆ ತಳ್ಳುತ್ತಾನೋ? ನೆಟ್ಟಗೆ ನಿಂತವನನ್ನು ಎರಡೂ ಬದಿಯಿಂದ ದಾಟಬಹುದು. ಸ್ಲೈಡ್ ಟ್ಯಾಕಲ್ ಹಾಕಿ ಮಣ್ಣು ಹಾರಿಸಿದವನಿಗೆ ನಾವು "ಪುಲಿ" ಅನ್ನುತ್ತೇವೆ. ಹೆಚ್ಚಿನ ಸಲ ಅವನು ನೆಲಕ್ಕೆ ಬಿದ್ದದ್ದು ನಿಲ್ಲಬೇಕಾದ ಜಾಗದಲ್ಲಿ ಮೊದಲು ನಿಲ್ಲದ ಕಾರಣ. ಕೊನೆಯದಾಗಿ, ತಪ್ಪು ಮಾಡಿ ಗೋಲು ಬಿಟ್ಟ ಮೇಲಿನ ಐದು ನಿಮಿಷ ನೋಡಿ. ಬಾಲು ಕೇಳುತ್ತಾನೋ, ಅಡಗುತ್ತಾನೋ? ಗುರುತು ಅಲ್ಲಿಯೇ ಸಿಗುತ್ತದೆ.

ನಮ್ಮ ಪಂಡಿತರಿಗೆ ಇದ್ಯಾವುದೂ ಬೇಡ, ಎತ್ತರ ಬೇಕು. "ಆರಡಿ ಇಲ್ಲ, ಸ್ಟಾಪರ್ ಆಗುವುದಿಲ್ಲ." 2006ರಲ್ಲಿ ಇಟಲಿಗೆ ವಿಶ್ವಕಪ್ ತಂದ ನಾಯಕ ಫಾಬಿಯೊ ಕನ್ನವಾರೊ ಆರಡಿ ಇರಲಿಲ್ಲ. ಸ್ಟಾಪರ್ ಆಡಿಯೇ ಆ ವರ್ಷದ ಬ್ಯಾಲನ್ ಡಿ'ಓರ್ ತೆಗೆದುಕೊಂಡ. ಇನ್ನೊಂದು ಶಾಪ ವಯಸ್ಸಿನದ್ದು. ಹತ್ತೊಂಬತ್ತಕ್ಕೆ ಕ್ಲಬ್ ಕರೆಯದಿದ್ದರೆ "ಅವನ ಕತೆ ಮುಗಿಯಿತು, ಗಲ್ಫಿಗೆ ಕಳಿಸಿ" ಅನ್ನುತ್ತೇವೆ. ಕೊಂಡೋಟಿಯ ಅನಸ್ ಎಡತ್ತೊಡಿಕ ಹುಡುಗನಾಗಿದ್ದಾಗ ಆಟೋ ಓಡಿಸಿದವನು. ಭಾರತದ ಜೆರ್ಸಿ ಹಾಕಿದ್ದು 2017ರಲ್ಲಿ, ಆಗ ಅವನಿಗೆ 30. ಬ್ಯಾಕ್ ಆಟ ಅನುಭವದಿಂದ ಬಲಿಯುವಂಥದ್ದು, ನಿಧಾನಕ್ಕೆ ಬರುತ್ತದೆ. ಫಾರ್ವರ್ಡ್‌ಗೆ ಇಟ್ಟ ಗಡಿಯಾರವನ್ನೇ ಬ್ಯಾಕ್‌ಗೂ ಇಟ್ಟರೆ ಹೇಗೆ ಮಾರಾಯ್ರೆ?

ಈಗ ಮನೆಯವರಿಗೆ, ಮುಖ್ಯವಾಗಿ ಉಮ್ಮಂದಿರಿಗೆ. ಜಗಲಿಯ ಮಾತು ಮನೆಯೊಳಗೆ ಬಂದು ದುಡ್ಡಾಗಿ ಹೊರಗೆ ಹೋಗುತ್ತದೆ. "ನಿಮ್ಮ ಮೋನುವಿನ ವೀಡಿಯೋ ನೋಡಿದೆ, ದೊಡ್ಡ ಕ್ಲಬ್‌ನಲ್ಲಿ ಜನ ಇದ್ದಾರೆ, ಮೊದಲು ಸ್ವಲ್ಪ ಹಣ ಕಟ್ಟಿ" ಅನ್ನುವವರು ಬರುತ್ತಾರೆ. ನನ್ನ ಪರಿಚಯದ ಒಂದು ಮನೆಯಲ್ಲಿ ಹೀಗೆ ಕೊಟ್ಟ ಹಣ ವಾಪಸ್ ಬರಲಿಲ್ಲ, ಹುಡುಗ ಎರಡು ದಿನ ಯಾವುದೋ ಮೈದಾನದಲ್ಲಿ ಓಡಿ ಮನೆಗೆ ಬಂದ. ಆಟಗಾರರ ಏಜೆಂಟ್ ಆಗಲು ಫೀಫಾದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದಿರಬೇಕು, ಹದಿನೆಂಟು ತುಂಬದ ಹುಡುಗನಾದರೆ ಪೋಷಕರ ಲಿಖಿತ ಒಪ್ಪಿಗೆಯೂ ಬೇಕು. ಲೈಸೆನ್ಸ್ ತೋರಿಸಿ ಅಂತ ಕೇಳುವುದರಲ್ಲಿ ನಾಚಿಕೆ ಏನು? ಅಂಗಡಿಯಲ್ಲಿ ಹತ್ತು ರೂಪಾಯಿ ಸಾಲ ಕೊಡುವಾಗ ನಾವು ನೂರು ಪ್ರಶ್ನೆ ಕೇಳುತ್ತೇವೆ.

ಕಾಲೇಜು ಆರಿಸುವಾಗಲೂ ಹಾಗೆಯೇ. ಮಂಜೇಶ್ವರದ ಹುಡುಗ ಗೋವಿಂದ ಪೈ ಕಾಲೇಜಿಗೆ ಸೇರಿದರೆ ಕಣ್ಣೂರು ವಿಶ್ವವಿದ್ಯಾಲಯದ ಟೀಮಿಗೆ ಪೈಪೋಟಿ ಕೊಡಬೇಕು, ತಲಪಾಡಿ ದಾಟಿ ಮಂಗಳೂರು ವಿಶ್ವವಿದ್ಯಾಲಯದ ಕಾಲೇಜಿಗೆ ಸೇರಿದರೆ ಆಚೆಯ ಟೀಮಿಗೆ. ಜಗಲಿಯಲ್ಲಿ ಚರ್ಚೆ ಆಗುವುದು ಯಾವ ಕಾಲೇಜಿನ ಹೆಸರು ದೊಡ್ಡದು ಅಂತ. ಕೇಳಬೇಕಾದ್ದು, ಆ ಟೀಮಿನ ಸ್ಟಾಪರ್‌ಗಳು ಯಾವ ವರ್ಷದಲ್ಲಿ ಓದುತ್ತಿದ್ದಾರೆ ಅಂತ. ಇಬ್ಬರೂ ಕೊನೆಯ ವರ್ಷದಲ್ಲಿದ್ದರೆ ಮುಂದಿನ ವರ್ಷ ಜಾಗ ಖಾಲಿ. ಇಬ್ಬರೂ ಮೊದಲ ವರ್ಷದವರಾದರೆ ನಿಮ್ಮ ಮಗ ಮೂರು ವರ್ಷ ಬೆಂಚಿನಲ್ಲಿ ಕೂರುತ್ತಾನೆ.

"ಗೋಲು ಹೊಡೆಯದೆ ಗೆಲ್ಲುವುದು ಹೇಗೆ?" ಅಂತ ಕೇಳುವವರು ಕೇಳಿಯೇ ಕೇಳುತ್ತಾರೆ. ಕೇರಳ ಪೊಲೀಸ್ ಟೀಮು 1990ರಲ್ಲಿ, ಮತ್ತೆ 1991ರಲ್ಲಿ ಫೆಡರೇಷನ್ ಕಪ್ ಗೆದ್ದಾಗ ಐ.ಎಂ. ವಿಜಯನ್ ಮುಂದೆ ಇದ್ದದ್ದು ಎಲ್ಲರಿಗೂ ಗೊತ್ತು. ಹಿಂದೆ ವಿ.ಪಿ. ಸತ್ಯನ್ ಇದ್ದ. ಕಣ್ಣೂರಿನ ಆ ಬ್ಯಾಕ್ ಭಾರತದ ನಾಯಕನೂ ಆದ. 2006ರಲ್ಲಿ ತೀರಿಕೊಂಡ. 2018ರಲ್ಲಿ ಸಿನಿಮಾ ಬಂದ ಮೇಲೆಯೇ ನಮ್ಮ ಹೊಸ ಹುಡುಗರಿಗೆ ಅವನ ಹೆಸರು ಸಿಕ್ಕಿದ್ದು.

ಟೂರ್ನಮೆಂಟ್ ಕಮಿಟಿಯ ಇಚ್ಚಂದಿರಿಗೆ ಒಂದು ನೇರ ಮಾತು. ಹೆಚ್ಚು ಗೋಲು ಹೊಡೆದವನಿಗೆ ಸೈಕಲ್, ಬೆಸ್ಟ್ ಬ್ಯಾಕ್‌ಗೆ ಗೇಣುದ್ದದ ಪ್ಲಾಸ್ಟಿಕ್ ಕಪ್, ಅದನ್ನೂ ಜನ ಎದ್ದು ಹೋದ ಮೇಲೆ ಕೊಡುವುದು. ಈ ಡಿಸೆಂಬರಿನಲ್ಲಿ ಎರಡಕ್ಕೂ ಒಂದೇ ಬಹುಮಾನ ಇಡಿ, ಬ್ಯಾಕ್‌ನ ಹೆಸರನ್ನು ಮೊದಲು ಕೂಗಿ. ಆರಿಸುವ ಕೆಲಸವನ್ನು ಸ್ಪಾನ್ಸರ್‌ಗೆ ಕೊಡದೆ, ಹಳೆಯ ಸ್ಟಾಪರ್ ಆಟಗಾರರು ಊರಲ್ಲಿ ಇಬ್ಬರು ಮೂವರು ಇದ್ದೇ ಇರುತ್ತಾರೆ, ಅವರನ್ನು ಕುರ್ಚಿ ಹಾಕಿ ಕೂರಿಸಿ. ಎರಡನೇ ಸೈಕಲ್ಲಿನ ಅರ್ಧ ದುಡ್ಡು ನಮ್ಮ ಅಂಗಡಿಯಿಂದ. ಉಳಿದ ಅರ್ಧ ಯಾರು ಕೊಡುತ್ತೀರಿ, ಹೇಳಿ.