ಗುಜರಿಗೆ ಕೊಡುವ ಮುಂಚೆ

ಕೋಟದಲ್ಲಿ ನಮ್ಮ ನೆರೆಮನೆಯ ಸೋದರಿಯೊಬ್ಬಳು ಒಂದು ಸಂಜೆ ಲ್ಯಾಪ್‌ಟಾಪನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದಳು. "ಅಕ್ಕಾ, ಇದ್ ಇನ್ ಆಪ್ದಲ್ಲ ಅಂದ್ರ್" ಎಂದಳು. ಮುಖ ಬಾಡಿತ್ತು.

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ಕೊಂಡ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಅದು. ಈಗ ಅದರಲ್ಲಿ ಅವಳ ಹೊಲಿಗೆಯ ಲೆಕ್ಕವಿದೆ, ಮಗಳ ಪಿಯುಸಿ ನೋಟ್ಸ್ ಇದೆ. ಆನ್ ಮಾಡಿದರೆ ತೆರೆದುಕೊಳ್ಳಲು ಹತ್ತು ನಿಮಿಷ. ರಿಪೇರಿಗೆ ಒಯ್ದಲ್ಲಿ, "ವಿಂಡೋಸ್ 10ರ ಕಾಲ ಮುಗಿಯಿತು, ಹೊಸ ವಿಂಡೋಸ್ ಇದರಲ್ಲಿ ಕೂರುವುದಿಲ್ಲ, ಬೇರೆ ತೆಗೆದುಕೊಳ್ಳಿ" ಎಂದರಂತೆ. ಗಂಡ ಸೌದಿಯಲ್ಲಿದ್ದಾನೆ. "ಅವ್ರತ್ರ ಕೇಂಬುಕೆ ಮನ್ಸ್ ಬತ್ತಿಲ್ಲೆ" ಎಂದು ತಲೆ ತಗ್ಗಿಸಿದಳು.

ಸೋದರಿಯರೇ, ಇದು ಅವಳೊಬ್ಬಳ ಕಷ್ಟವಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ಕೊನೆಗೊಳಿಸಿತು. ನೋಂದಾಯಿಸಿಕೊಂಡವರಿಗೆ ಸ್ವಲ್ಪ ಹೆಚ್ಚುವರಿ ಕಾಲಾವಕಾಶ ಕೊಟ್ಟಿತು, ಅಷ್ಟೆ. ವಿಂಡೋಸ್ 11 ಹಾಕಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಹಾಗೂ ಇತ್ತೀಚಿನ ಪ್ರೊಸೆಸರ್ ಬೇಕು. ಅವಿಲ್ಲದ ಎಷ್ಟೋ ಕಂಪ್ಯೂಟರ್‌ಗಳು ಕೈಕಾಲು ಗಟ್ಟಿಯಿದ್ದರೂ ಮೂಲೆ ಸೇರುತ್ತಿವೆ. ಅವುಗಳನ್ನು ಗುಜರಿಗೆ ಕೊಡುವ ಮುಂಚೆ ಇನ್ನೊಂದು ದಾರಿಯಿದೆ. ಅದುವೇ ಲಿನಕ್ಸ್.

ಏನಿದು ಲಿನಕ್ಸ್?

ಕಂಪ್ಯೂಟರಿನ ಎಲ್ಲ ಕೆಲಸಗಳನ್ನು ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ವಿಂಡೋಸ್ ಅಂಥದ್ದೊಂದು. ಅದು ಬೇಕರಿಯ ಹಲ್ವದ ಹಾಗೆ. ತಿನ್ನಬಹುದು, ಮಾಡುವ ಕ್ರಮ ಹೇಳುವುದಿಲ್ಲ. ಲಿನಕ್ಸ್ ಮಾತ್ರ ನೆರೆಯವಳು ಅಳತೆಯ ಸಮೇತ ಬರೆದುಕೊಟ್ಟ ಹಲ್ವದ ಹಾಗೆ. ನೀವೂ ಮಾಡಬಹುದು, ಸಕ್ಕರೆ ಕಡಿಮೆ ಮಾಡಬಹುದು, ಇನ್ನೊಬ್ಬರಿಗೆ ಹಂಚಬಹುದು. ಇದನ್ನೇ ಮುಕ್ತ ತಂತ್ರಾಂಶ ಎನ್ನುವುದು. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಇಂತಹ ಪ್ರಯತ್ನಕ್ಕೆ ಕೈಹಾಕಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದು ಲೋಕಕ್ಕೆ ಕೊಟ್ಟರು.

ಇದು ದೂರದ ಮಾತೆಂದು ತಿಳಿಯಬೇಡಿ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಲಿನಕ್ಸಿನ ತಿರುಳೇ. ನಮ್ಮ ನೆರೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯ ಕಂಪ್ಯೂಟರ್ ಪಾಠವನ್ನು ಲಿನಕ್ಸಿನಲ್ಲೇ ಕಲಿಯುತ್ತಾರೆ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆ 2017ರಲ್ಲಿ 'ಕೈಟ್' ಎಂಬ ಸಂಸ್ಥೆಯಾಯಿತು. ಶಾಲೆಗಳಿಗೆಂದೇ ಸಿದ್ಧಪಡಿಸಿದ ಲಿನಕ್ಸನ್ನು ಅದು ಒದಗಿಸುತ್ತಿದೆ. ಹತ್ತು ವರ್ಷದ ಮಕ್ಕಳು ಕಲಿತದ್ದನ್ನು ನಾವು ಕಲಿಯಲಾರೆವೆ?

ಮೊದಲು ರುಚಿ ನೋಡಿ

ಲಿನಕ್ಸಿನಲ್ಲಿ ಹಲವು ಬಗೆಗಳಿವೆ. ವಿಂಡೋಸ್ ಬಳಸಿ ರೂಢಿಯಾದವರಿಗೆ 'ಲಿನಕ್ಸ್ ಮಿಂಟ್' ಸುಲಭ. ಅದರಲ್ಲೂ 'ಎಕ್ಸ್‌ಎಫ್‌ಸಿಇ' ಎಂಬ ಆವೃತ್ತಿ ಹಗುರ. 4 ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರಕ್ಕೂ ಒಗ್ಗುತ್ತದೆ. 2024ರಲ್ಲಿ ಬಂದ ಮಿಂಟ್ 22ಕ್ಕೆ 2029ರ ವರೆಗೆ ಅಪ್‌ಡೇಟ್ ಇದೆ.

1. ಲಿನಕ್ಸ್ ಮಿಂಟ್‌ನ ಸ್ವಂತ ಜಾಲತಾಣದಿಂದಲೇ ಅದನ್ನು ಇಳಿಸಿಕೊಳ್ಳಿ. ಸುಮಾರು 3 ಜಿಬಿ ಇರುತ್ತದೆ.

2. 8 ಜಿಬಿಯ ಖಾಲಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಫೈಲನ್ನು ಸುಮ್ಮನೆ ಕಾಪಿ ಮಾಡಿದರೆ ಆಗದು. 'ರೂಫಸ್' ಅಥವಾ 'ಎಚರ್' ಎಂಬ ಉಚಿತ ತಂತ್ರಾಂಶದ ಮೂಲಕ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ.

3. ಪೆನ್‌ಡ್ರೈವ್ ಸಿಕ್ಕಿಸಿ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎಫ್12 ಅಥವಾ ಎಫ್9 ಕೀ ಒತ್ತಿ. ಯಾವ ಕೀ ಎಂಬುದು ಕಂಪೆನಿಯಿಂದ ಕಂಪೆನಿಗೆ ಬೇರೆ. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

ಈಗ ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ನಡೆಯುತ್ತದೆ. ಒಳಗಿನ ವಿಂಡೋಸ್ ಹಾಗೆಯೇ ಇರುತ್ತದೆ. ವೈಫೈ ಸಿಗುತ್ತದೆಯೇ, ಧ್ವನಿ ಕೇಳುತ್ತದೆಯೇ, ಪ್ರಿಂಟರ್ ಕೆಲಸ ಮಾಡುತ್ತದೆಯೇ ಎಂದು ಎರಡು ದಿನ ನೋಡಿ. ಮನಸ್ಸಿಗೆ ಬಾರದಿದ್ದರೆ ಪೆನ್‌ಡ್ರೈವ್ ತೆಗೆದರಾಯಿತು.

ನನ್ನದೇ ತಪ್ಪು

ಹಿಡಿಸಿತೆಂದು ಇನ್‌ಸ್ಟಾಲ್ ಮಾಡಲು ಹೊರಟಿರಾದರೆ ಒಂದು ನಿಮಿಷ ನಿಲ್ಲಿ. ಹಲವು ವರ್ಷಗಳ ಹಿಂದೆ ನಾನು ಮೊದಲ ಬಾರಿ ಲಿನಕ್ಸ್ ಹಾಕಿದಾಗ ಪರದೆಯ ಮೇಲೆ 'ಎರೇಸ್ ಡಿಸ್ಕ್' ಎಂದು ಬಂತು. ಅವಸರದಲ್ಲಿ ಪೂರ್ತಿ ಓದದೆ 'ಸರಿ' ಎಂದು ಒತ್ತಿದೆ. ಕಂಪ್ಯೂಟರ್ ಚೆನ್ನಾಗಿಯೇ ನಡೆಯಿತು. ಆದರೆ ತೀರಿಹೋದ ಉಮ್ಮ ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದ ರೆಕಾರ್ಡಿಂಗ್ ಅದರಲ್ಲಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಇವತ್ತಿಗೂ ಆ ಧ್ವನಿ ನಮ್ಮ ಮನೆಯಲ್ಲಿಲ್ಲ.

ಆದ್ದರಿಂದ ಫೋಟೋ, ಲೆಕ್ಕ, ಮಕ್ಕಳ ಅಂಕಪಟ್ಟಿ, ಪಾಸ್‌ಪೋರ್ಟಿನ ಸ್ಕ್ಯಾನ್ ಎಲ್ಲವನ್ನೂ ಮೊದಲು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. ಕಾಪಿಯಾದದ್ದು ತೆರೆಯುತ್ತದೆಯೇ ಎಂದು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿ. ಆಮೇಲೆ ಮುಂದಿನ ಹೆಜ್ಜೆ. ನೆರೆಮನೆಯ ಸೋದರಿಗೆ ನಾನು ಮೊದಲು ಮಾಡಿಸಿದ್ದೂ ಇದನ್ನೇ.

ಹೊಸ ಮನೆಯ ಪರಿಚಯ

ಪರದೆಯ ಎಡ ಕೆಳಮೂಲೆಯಲ್ಲಿ ಮೆನು, ಬಲಗಡೆ ಗಡಿಯಾರ ಮತ್ತು ವೈಫೈ. ವಿಂಡೋಸ್ ಬಲ್ಲವರಿಗೆ ಹೊಸತೆನಿಸದು. ಪತ್ರ ಮತ್ತು ಲೆಕ್ಕಕ್ಕೆ 'ಲಿಬ್ರೆ ಆಫೀಸ್', ಇಂಟರ್‌ನೆಟ್ಟಿಗೆ 'ಫೈರ್‌ಫಾಕ್ಸ್' ಮೊದಲೇ ಇರುತ್ತವೆ. ನಿಮ್ಮ ವರ್ಡ್ ಮತ್ತು ಎಕ್ಸೆಲ್ ಫೈಲುಗಳು ಲಿಬ್ರೆ ಆಫೀಸಿನಲ್ಲಿ ತೆರೆಯುತ್ತವೆ. ಕೆಲವೊಮ್ಮೆ ಸಾಲುಗಳು ತುಸು ಜರುಗಬಹುದು. ಪುಟ್ಟ ಮಕ್ಕಳಿಗೆ ಚಿತ್ರ ಬಿಡಿಸಲು 'ಟಕ್ಸ್ ಪೇಂಟ್' ಹಾಕಿಕೊಡಿ. ಹೊಸ ತಂತ್ರಾಂಶ ಬೇಕಾದರೆ ಎಲ್ಲೆಲ್ಲಿಂದಲೋ ಇಳಿಸಬೇಡಿ. ಮೆನುವಿನಲ್ಲಿರುವ 'ಸಾಫ್ಟ್‌ವೇರ್ ಮ್ಯಾನೇಜರ್' ತೆರೆದು ಹುಡುಕಿ, ಮೊಬೈಲಿನ ಪ್ಲೇ ಸ್ಟೋರ್‌ನಂತೆ.

ಕನ್ನಡ ಟೈಪಿಂಗ್ ಕೂಡ ಸುಲಭ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ವಿಭಾಗದಲ್ಲಿ 'ಕನ್ನಡ ಕಗಪ' ಸೇರಿಸಿ. ಇಂಗ್ಲಿಷಿನ ಕೆ ಒತ್ತಿದರೆ 'ಕ', ಎಂ ಒತ್ತಿದರೆ 'ಮ'. ಈ ವಿನ್ಯಾಸದ ಮೂಲ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು ಎಂಬುದು ನಮಗೆ ಹೆಮ್ಮೆ. ಉರ್ದು, ಅರಬಿ ಕೀಬೋರ್ಡುಗಳನ್ನೂ ಅಲ್ಲೇ ಸೇರಿಸಬಹುದು. ಹಳೆಯ ನುಡಿ ಫಾಂಟಿನಲ್ಲಿ ಬರೆದ ಕಡತಗಳಿದ್ದರೆ ಅವನ್ನು ಮೊದಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ. ಇಲ್ಲವಾದರೆ ಅಕ್ಷರಗಳ ಬದಲು ಗೀಚಿದಂತೆ ಕಾಣುತ್ತದೆ.

ಒಪ್ಪಿಕೊಳ್ಳಬೇಕಾದ ಮಿತಿಗಳೂ ಇವೆ. ಅಂಗಡಿಯ ಲೆಕ್ಕಕ್ಕೆ ಬಳಸುವ ಟ್ಯಾಲಿ, ಫೋಟೋಶಾಪ್ ಮುಂತಾದವು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಅವುಗಳನ್ನೇ ನೆಚ್ಚಿಕೊಂಡವರು ಅವಸರ ಮಾಡಬಾರದು. ಹಾಗೆಯೇ ಲಿನಕ್ಸಿಗೆ ವೈರಸ್ ಕಾಟ ಕಡಿಮೆಯೆಂದು ಮೈಮರೆಯಬೇಡಿ. ಫೋನ್ ಮಾಡಿ ಒಟಿಪಿ ಕೇಳುವ ಮೋಸಗಾರನಿಗೆ ನಿಮ್ಮ ಕಂಪ್ಯೂಟರ್ ಯಾವುದಾದರೂ ಒಂದೇ.

ನೆರೆಮನೆಯ ಸೋದರಿಯ ಲ್ಯಾಪ್‌ಟಾಪ್ ಈಗ ಒಂದೆರಡು ನಿಮಿಷದಲ್ಲಿ ತೆರೆದುಕೊಳ್ಳುತ್ತದೆ. ಮೊನ್ನೆ ಹೊಲಿಗೆಯ ಲೆಕ್ಕದ ಹಾಳೆಯನ್ನು ಕನ್ನಡದಲ್ಲೇ ಟೈಪ್ ಮಾಡಿ, ಪ್ರಿಂಟ್ ತೆಗೆದು ನನಗೆ ತೋರಿಸಿದಳು. ಇನ್‌ಸ್ಟಾಲ್ ಮಾಡುವಾಗ ನಾನು ಪಕ್ಕದಲ್ಲಿ ಕೂತಿದ್ದೆ, ಅಷ್ಟೆ. ಗುಂಡಿಗಳನ್ನೆಲ್ಲ ಒತ್ತಿದವಳು ಅವಳೇ. ಗಂಡನಿಗೆ ಹೊಸ ಲ್ಯಾಪ್‌ಟಾಪಿನ ಮಾತು ಹೇಳಲೇ ಇಲ್ಲವಂತೆ. ಬದಲಿಗೆ, "ನಾನೇ ಸರಿ ಮಾಡಿದೆ" ಎಂದು ವೀಡಿಯೋ ಕಾಲ್‌ನಲ್ಲಿ ತೋರಿಸಿದಳಂತೆ.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಕಂಪ್ಯೂಟರ್ ಧೂಳು ತಿನ್ನುತ್ತಿರಬಹುದು. ಈ ವಾರ ಅದನ್ನು ಕೆಳಗಿಳಿಸಿ ಒರೆಸಿಡಿ. ಒಳಗಿರುವ ಫೋಟೋಗಳನ್ನು ಮೊದಲು ಭದ್ರ ಮಾಡಿ. ಉಳಿದದ್ದು ನಿಧಾನವಾಗಿ ಆಗಲಿ.