ಸತ್ತವರ ಹೆಸರಲ್ಲಿ ಇದ್ದವರ ಬಾಯಿ ಮುಚ್ಚಿಸಬೇಡಿ

ಯಲ್ಲಾಪುರ ತಾಲೂಕಿನ ಒಂದು ಹಳ್ಳಿ. ರಾತ್ರಿ ಹತ್ತೂವರೆ. ಆಟ ಶುರುವಾಗಿ ಒಂದು ತಾಸಾಗಿತ್ತು. ಭಾಗವತಿಕೆಗೆ ಕೂತವನು ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಪದ್ಯ ಚೆನ್ನಾಗಿಯೇ ಹೇಳುತ್ತಿದ್ದ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಚೀಟಿ ರಂಗಸ್ಥಳಕ್ಕೆ ಹೋಯಿತು. ಮುಂದಿನ ಪದ್ಯ ಕಾಳಿಂಗ ನಾವಡರ ಹಾಗೆ ಹಾಡಬೇಕಂತೆ. ಹುಡುಗ ಹಾಡಿದ. ಆಲಾಪ ಎಳೆದ, ಶ್ರುತಿಯ ತುದಿಗೆ ಹೋದ, ಚಪ್ಪಾಳೆ ಬಿತ್ತು. ಅಷ್ಟು ಹೊತ್ತೂ ವೇಷಧಾರಿ ಸುಮ್ಮನೆ ನಿಂತಿದ್ದ. ಆಟ ಮುಗಿದ ಮೇಲೆ ಚೌಕಿಯ ಹತ್ತಿರ ಹಿರಿಯ ಕಲಾವಿದರೊಬ್ಬರು ಅದೇ ಹುಡುಗನಿಗೆ ಬೈದರು. ನಾವಡರ ನಕಲು ಹೊಡೆದು ಪರಂಪರೆ ಕೆಡಿಸುತ್ತೀಯಾ ಅಂತ.

ಚೀಟಿ ಕೊಟ್ಟವರೂ ಬೈದವರೂ ಇದನ್ನು ಓದಬೇಕು ಎಂದೇ ನಾವು ಬರೆಯುತ್ತಿದ್ದೇವೆ. ನಿಮ್ಮಿಬ್ಬರ ಜಗಳದಲ್ಲಿ ಪೆಟ್ಟು ತಿಂದವನು ಆ ಹುಡುಗ.

ಗುಂಡ್ಮಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು 1990ರ ಮೇ ತಿಂಗಳಲ್ಲಿ. ಹುಟ್ಟಿದ್ದು 1958. ಅಂದರೆ ಮೂವತ್ತೆರಡೂ ತುಂಬಿರಲಿಲ್ಲ. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಭಾಗವತಿಕೆ ಕಲಿಯುತ್ತಿರುವ ಹುಡುಗರಲ್ಲಿ ಹೆಚ್ಚಿನವರು ಅವರು ಹೋದ ಮೇಲೆ ಹುಟ್ಟಿದವರು. ಆದರೂ ಈ ಭಾಗದ ಯಕ್ಷಗಾನದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ವಾರಕ್ಕೊಮ್ಮೆಯಾದರೂ ಅವರ ಹೆಸರಲ್ಲಿ ಜಗಳ ಹತ್ತುತ್ತದೆ. ಪ್ರೇಕ್ಷಕರ ಜಗಳ ಬಿಡಿ. ಕಲಾವಿದರಲ್ಲೇ ಎರಡು ಪಂಗಡ ಇದೆ. ಅದು ಗಂಭೀರ ವಿಷಯ.

ಮೊದಲನೇ ಪಂಗಡದ ವಾದ ಹೀಗೆ. ನಾವಡರು ಬರುವ ತನಕ ಭಾಗವತರ ಹೆಸರು ಕೇಳಿ ಡೇರೆ ಮೇಳದ ಟಿಕೆಟ್ ತೆಗೆಯುವವರು ಕಡಿಮೆ. ವೇಷಧಾರಿಗಳ ಹೆಸರಿಗೆ ಜನ ಬರುತ್ತಿದ್ದರು. ಸಾಲಿಗ್ರಾಮ ಮೇಳದಲ್ಲಿ ನಾವಡರು ಕೂತ ಮೇಲೆ ಹಿಮ್ಮೇಳಕ್ಕಾಗಿಯೇ ಜನ ಬಂದರು. ಯಕ್ಷಗಾನದಲ್ಲಿ ಹೆಚ್ಚು ಬಳಕೆಯಿಲ್ಲದ ರಾಗಗಳನ್ನು ತಂದರು, ಮಾತು ಸ್ಪಷ್ಟವಾಗಿ ಕೇಳುವಂತೆ ಹಾಡಿದರು, ‘ನಾಗಶ್ರೀ’ಯಂಥ ಪ್ರಸಂಗ ತಾವೇ ಬರೆದರು. ಭಾಗವತನಿಗೆ ಸಿಕ್ಕ ಮರ್ಯಾದೆ ಅವರಿಂದ ಬಂದದ್ದು.

ಎರಡನೇ ಪಂಗಡ ಇದನ್ನೆಲ್ಲ ಒಪ್ಪಿಕೊಂಡೇ ತಿರುಗಿ ಕೇಳುತ್ತದೆ. ಪದ್ಯ ಯಾರಿಗಾಗಿ ಇರುವುದು? ಕುಣಿಯುವವನಿಗಾಗಿ. ಅವನು ಅಭಿನಯ ಮಾಡಬೇಕು, ಅರ್ಥ ಹೇಳಬೇಕು. ರಾಗ ವಿಸ್ತಾರಕ್ಕೆ ಹೊರಟರೆ ವೇಷ ಕಂಬದಂತೆ ನಿಲ್ಲುತ್ತದೆ. ಮದ್ದಳೆ, ಚಂಡೆಯವರು ಹಾಡಿನ ಬೆನ್ನು ಹತ್ತಿ ಓಡಬೇಕಾಗುತ್ತದೆ. ಯಕ್ಷಗಾನದ ಹಾಡಿಗೆ ಅದರದ್ದೇ ಒಂದು ಗತ್ತಿದೆ, ಭಾವಗೀತೆಯ ಹಾಗೆ ಹಾಡಿದರೆ ಅದು ಹೋಗುತ್ತದೆ. ನಾವಡರ ನಂತರ ಕೆಟ್ಟದ್ದೆಲ್ಲ ನಾವಡರಿಂದಲೇ ಶುರುವಾಯಿತು ಎಂದು ಇವರ ತೀರ್ಮಾನ.

ನಮ್ಮ ತಕರಾರು ಎರಡರ ಮೇಲೂ ಇದೆ.

ಮೊದಲು ಪರಂಪರೆಯವರಿಗೆ. ನೀವು ಕಾಪಾಡಬೇಕು ಅನ್ನುವ ಪರಂಪರೆ ಯಾವ ವರ್ಷದ್ದು? ದೊಂದಿ ಬೆಳಕಿನದ್ದೋ, ಗ್ಯಾಸ್ ಲೈಟಿನದ್ದೋ, ಮೈಕು ಬಂದ ಮೇಲಿನದ್ದೋ? ಯಕ್ಷಗಾನಕ್ಕೆ ತನ್ನದೇ ಸಂಗೀತ ಇದೆ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಶಿವರಾಮ ಕಾರಂತರು ಮುಂಚೂಣಿಯವರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಕಾರಂತರು ತಮ್ಮ ಪ್ರಯೋಗಗಳಲ್ಲಿ ಹಿಮ್ಮೇಳದ ಜೊತೆ ವಯಲಿನ್ ಕೂರಿಸಿದರು, ಸ್ಯಾಕ್ಸೋಫೋನ್ ಕೂಡ ಊದಿಸಿದರು. ಕಾರಂತರ ಪುಸ್ತಕ ಹಿಡಿದು ನಾವಡರಿಗೆ ಹೊಡೆಯುವವರು ಆ ಸ್ಯಾಕ್ಸೋಫೋನನ್ನು ಎಲ್ಲಿ ಬಚ್ಚಿಡುತ್ತೀರಿ?

ಇನ್ನೊಂದು. ನಾವಡರು ಹೊರಗಿನಿಂದ ಬಂದು ರಂಗಸ್ಥಳ ಹತ್ತಿದವರಲ್ಲ. ತಂದೆ ರಾಮಚಂದ್ರ ನಾವಡರು ಭಾಗವತರು. ಕಲಿತದ್ದು ನಾರಣಪ್ಪ ಉಪ್ಪೂರರ ಹತ್ತಿರ. ಉಪ್ಪೂರರಿಗಿಂತ ದೊಡ್ಡ ಪರಂಪರೆ ಬಡಗಿನಲ್ಲಿ ಎಲ್ಲಿದೆ ತೋರಿಸಿ ನೋಡೋಣ. ಒಳಗಿದ್ದವನೇ ಕಿಟಕಿ ತೆಗೆದದ್ದಕ್ಕೆ ಕಳ್ಳ ಬಂದ ಅಂತ ಕೂಗಬಾರದು.

ಈಗ ನಾವಡರ ಅಭಿಮಾನಿಗಳಿಗೆ. ನೀವು ಕೇಳಿದ ನಾವಡರು ಯಾರು? ನಮ್ಮ ವಯಸ್ಸಿನವರು ಕೇಳಿದ್ದು ಕ್ಯಾಸೆಟ್ಟಿನ ನಾವಡರನ್ನು, ಈಗ ಯೂಟ್ಯೂಬಿನ ನಾವಡರನ್ನು. ಇಡೀ ರಾತ್ರಿಯ ಆಟದಲ್ಲಿ ಐದು ಪದ್ಯ ಆರಿಸಿದರೆ ಏನು ಉಳಿಯುತ್ತದೆ? ತುದಿ ಮುಟ್ಟಿದ ಸ್ವರ ಉಳಿಯುತ್ತದೆ. ಹೊಸ ವೇಷಧಾರಿ ಎಡವಿದಾಗ ಪದ್ಯ ಎತ್ತಿಕೊಂಡು ಕಾಪಾಡಿದ್ದು, ಪ್ರಸಂಗ ಜಗ್ಗಿದಾಗ ಚುರುಕು ಮಾಡಿದ್ದು, ಬೆಳಗಿನ ಜಾವದ ನಿದ್ದೆಗಣ್ಣಿನ ಜನರನ್ನು ಎಬ್ಬಿಸಿದ್ದು ಯಾವ ತುಣುಕಿನಲ್ಲೂ ಇಲ್ಲ. ಭಾಗವತ ಆಟದ ಮೊದಲನೇ ವೇಷಧಾರಿ, ಆಟ ನಡೆಸುವವನು ಎಂದು ಹಳಬರು ಹೇಳುವುದು ಆ ಕೆಲಸಕ್ಕೆ. ಪ್ರಸಂಗ ಬರೆದವರಿಗೆ ಕಥೆ ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂದು ಗೊತ್ತಿರಲೇಬೇಕು. ನೀವು ಹುಡುಗರಿಂದ ಕೇಳುವುದು ನಾವಡರ ಗಂಟಲನ್ನು. ಅವರ ತಲೆಯನ್ನು ಯಾರೂ ಕೇಳುವುದಿಲ್ಲ.

ಇದರ ಫಲವೇ ಇವತ್ತಿನ ಗಾನವೈಭವ, ದ್ವಂದ್ವ ಭಾಗವತಿಕೆ. ಇಬ್ಬರು ಭಾಗವತರು ಸ್ಪರ್ಧೆಗೆ ಬಿದ್ದಂತೆ ಹಾಡುತ್ತಾರೆ, ವೇಷವೇ ಇಲ್ಲ. ಕೇಳಲಿಕ್ಕೆ ನಮಗೂ ಖುಷಿ. ಆದರೆ ಅಲ್ಲಿ ಗೆದ್ದದ್ದನ್ನೇ ಮಾರನೇ ದಿನ ಕಾಲಮಿತಿ ಆಟಕ್ಕೂ ತಂದರೆ ಮೂರು ತಾಸಿನಲ್ಲಿ ಕುಣಿತಕ್ಕೆ ಎಷ್ಟು ಉಳಿಯಿತು, ಮಾತಿಗೆ ಎಷ್ಟು ಉಳಿಯಿತು, ನೀವೇ ಲೆಕ್ಕ ಹಾಕಿ.

ಇಂಥ ಜಗಳ ಯಕ್ಷಗಾನದಲ್ಲಿ ಮಾತ್ರ ಇದೆ ಅಂದುಕೊಳ್ಳಬೇಡಿ. ಅಮೆರಿಕದ ಜಾಝ್ ಸಂಗೀತದಲ್ಲಿ ಜಾಕೊ ಪಾಸ್ಟೋರಿಯಸ್ ಎಂಬ ಬೇಸ್ ಗಿಟಾರ್ ವಾದಕ ಇದ್ದ. ಬೇಸ್ ಎಂದರೆ ಹಿಂದೆ ನಿಂತು ಉಳಿದವರಿಗೆ ಆಧಾರ ಕೊಡುವ ವಾದ್ಯ, ಹೆಚ್ಚುಕಡಿಮೆ ನಮ್ಮ ಮದ್ದಳೆಯ ಹಾಗೆ. ಅವನು ಅದನ್ನು ಹಾಡುವ ವಾದ್ಯ ಮಾಡಿ ಮುಂದಕ್ಕೆ ತಂದ. 1987ರಲ್ಲಿ, 35ನೇ ವಯಸ್ಸಿಗೆ ಸತ್ತ. ಬೇಸಿಗೆ ಜೀವ ಕೊಟ್ಟವ ಎಂದು ಕೆಲವು ವಾದಕರು ಹೊಗಳಿದರೆ, ಆಧಾರ ಕೊಡುವ ಕೆಲಸ ಮರೆಸಿದವ ಎಂದು ಕೆಲವರು ದೂರಿದರು. ಅವನಂತೆ ಬಾರಿಸಲು ಹೊರಟ ಹುಡುಗರಿಗೂ ಲೆಕ್ಕವಿಲ್ಲ. ಊರು ಬೇರೆ, ವಾದ್ಯ ಬೇರೆ, ರೋಗ ಒಂದೇ.

ನಮ್ಮ ಮೂರು ತಾಲೂಕಿಗೆ ಇದರಲ್ಲಿ ಬೇರೆಯೇ ನಷ್ಟ ಇದೆ. ನಾವಡರದ್ದು ಕುಂದಾಪುರ ಕಡೆಯ ಬಡಗು. ಉತ್ತರ ಕನ್ನಡಕ್ಕೆ ಅದರದ್ದೇ ದಾರಿ ಇತ್ತು, ಬಡಾಬಡಗು ಎಂದು ಕರೆಯುತ್ತೇವಲ್ಲ, ಅದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳ ಅಭಿನಯಕ್ಕೆ ಹೆಸರಾಯಿತು. ಆ ಮೇಳದಲ್ಲಿ ವರ್ಷಗಟ್ಟಲೆ ಹಾಡಿದ ನೆಬ್ಬೂರು ನಾರಾಯಣ ಭಾಗವತರು ನಮ್ಮ ಶಿರಸಿ ಸೀಮೆಯವರೇ. ಶಂಭು ಹೆಗಡೆಯವರು ಕಣ್ಣಲ್ಲೇ ಒಂದು ಭಾವ ತೋರಿಸುವಾಗ ಅದಕ್ಕೆ ಬೇಕಾದಷ್ಟೇ ಹಾಡುವುದು, ಮುಂದೆ ನುಗ್ಗದೇ ಇರುವುದು, ಅದೇ ಅವರ ದೊಡ್ಡತನ. 2019ರಲ್ಲಿ ಅವರು ಹೋದರು. ನೆಬ್ಬೂರರ ಹಾಗೆ ಹಾಡು ಎಂದು ಯಾರಾದರೂ ಚೀಟಿ ಕೊಟ್ಟದ್ದನ್ನು ನಾವು ನೋಡಿಲ್ಲ. ತಗ್ಗಿ ಹಾಡಿದ್ದು ಮೂವತ್ತು ಸೆಕೆಂಡಿನ ಸ್ಟೇಟಸ್ಸಿಗೆ ಹತ್ತುವುದಿಲ್ಲ.

ಹಾಗಂತ ನೆಬ್ಬೂರರ ನಕಲು ಶುರು ಮಾಡಿ ಎನ್ನುತ್ತಿಲ್ಲ. ಅದೂ ಅದೇ ತಪ್ಪು. 2024ರ ಏಪ್ರಿಲ್‌ನಲ್ಲಿ ಸುಬ್ರಹ್ಮಣ್ಯ ಧಾರೇಶ್ವರರು ತೀರಿಕೊಂಡರು. ಅವರೂ ಉಪ್ಪೂರರ ಶಿಷ್ಯರು, ಹೊಸ ರಾಗಗಳ ಪ್ರಯೋಗಕ್ಕೆ ಹೆಸರಾದವರು. ನಾವಡರ ಹಾಗಿದ್ದಿದ್ದರೆ ಅವರು ಇನ್ನೊಬ್ಬ ನಾವಡರಾಗುತ್ತಿದ್ದರು, ಧಾರೇಶ್ವರರಾಗುತ್ತಿರಲಿಲ್ಲ. ಒಬ್ಬನೇ ಗುರುವಿನ ಇಬ್ಬರು ಶಿಷ್ಯರು ಬೇರೆ ಬೇರೆ ಹಾಡಿದರು. ಪರಂಪರೆ ಕೆಲಸ ಮಾಡುವುದು ಹಾಗೆ. ಈಗ ಧಾರೇಶ್ವರರ ಹೆಸರಿನ ಚೀಟಿಗಳೂ ಶುರುವಾಗಿವೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು.

ಆಟ ಆಡಿಸುವವರೇ, ಚೀಟಿ ಕಳಿಸುವುದನ್ನು ನಿಲ್ಲಿಸಿ. ಭಾಗವತ ನಿಮ್ಮ ಮೊಬೈಲಲ್ಲ, ಬೇಕಾದ ಹಾಡು ಒತ್ತಿದರೆ ಬರಲಿಕ್ಕೆ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಸ್ಟೇಜು, ಲೈಟು, ಊಟಕ್ಕೆ ಲಕ್ಷಗಟ್ಟಲೆ ಹಾಕುತ್ತೀರಿ. ಮದ್ದಳೆ, ಚಂಡೆಯ ಹುಡುಗರ ಕೈಗೆ ಎಷ್ಟು ಹೋಗುತ್ತದೆ ಅಂತ ಒಮ್ಮೆ ವಿಚಾರಿಸಿ.

ಹಿರಿಯ ಕಲಾವಿದರೇ, ಹುಡುಗರಿಗೆ ಚೌಕಿಯಲ್ಲಿ ಬೈಯುವ ಬದಲು ಮನೆಗೆ ಕರೆದು ಕೂರಿಸಿ. ಝಂಪೆ, ಅಷ್ಟ, ತ್ರಿವುಡೆಯ ನಡೆ ಬಾಯಲ್ಲಿ ಹೇಳಿಕೊಡಿ. ಕಲಿಸದೇ ಹೋದರೆ ಅವರು ಯೂಟ್ಯೂಬಿನಿಂದಲೇ ಕಲಿಯುತ್ತಾರೆ. ಆಗ ದೂರುವ ಹಕ್ಕು ನಿಮಗಿಲ್ಲ.

ಅಭಿಮಾನಿಗಳೇ, ನಿಮ್ಮ ಅಟ್ಟದಲ್ಲಿ, ಟ್ರಂಕಿನಲ್ಲಿ ಹಳೇ ಕ್ಯಾಸೆಟ್ ಇದ್ದೀತು. ಯಾರೋ ಟೇಪ್ ರೆಕಾರ್ಡರ್ ಇಟ್ಟು ಇಡೀ ರಾತ್ರಿ ಹಿಡಿದದ್ದು ಇದ್ದರೆ ಅದು ಬಂಗಾರ. ಮಳೆಗಾಲದ ಬೂಸ್ಟು ಟೇಪನ್ನು ತಿನ್ನುವ ಮೊದಲು ಹೊರಗೆ ತೆಗೆಯಿರಿ, ಕಂಪ್ಯೂಟರಿಗೆ ಹಾಕಿಸಿ. ಕತ್ತರಿಸದೇ ಪೂರ್ತಿ ಹಾಕಿಸಿ. ಸಪ್ಪೆ ಪದ್ಯ, ತಪ್ಪಿದ ತಾಳ, ನಡುವಿನ ಕೆಮ್ಮು ಎಲ್ಲ ಇರಲಿ. ನಾವಡರು ಒಂದು ರಾತ್ರಿ ಪೂರ್ತಿ ಆಟವನ್ನು ಹೇಗೆ ನಡೆಸಿದರು ಎಂದು ಕೇಳಿದ ಮೇಲೆ ಜಗಳ ಮುಂದುವರಿಸೋಣ. ಆಗ ಮಾತಿಗೆ ಆಧಾರವಾದರೂ ಇರುತ್ತದೆ.

ಅಲ್ಲಿಯ ತನಕ ಆ ಹುಡುಗ ತನ್ನ ಗಂಟಲಲ್ಲೇ ಹಾಡಲಿ. ತಪ್ಪಿದರೆ ತಪ್ಪಲಿ. ಎದುರಿಗಿನ ವೇಷ ಕುಣಿಯಿತೋ ಇಲ್ಲವೋ, ಅದನ್ನು ನೋಡಿ ಮಾರ್ಕು ಕೊಡಿ.