ತಡವಾದರೂ ತಾಳೆಯಾಗಲಿ: ಮುಕ್ತ ದತ್ತಸಂಚಯ ತಂತ್ರಾಂಶವೂ ನಮ್ಮ ಲೆಕ್ಕಪುಸ್ತಕವೂ

ವ್ಯಾಪಾರದ ಲೆಕ್ಕಪತ್ರಗಳು ಪುಸ್ತಕದಿಂದ ಗಣಕಯಂತ್ರಕ್ಕೆ ಸ್ಥಳಾಂತರಗೊಂಡು ಬಹಳ ವರ್ಷಗಳೇ ಸಂದಿವೆ. ಕೆಂಪು ಬಟ್ಟೆಯ ಹೊದಿಕೆಯ ಖಾತೆ ಪುಸ್ತಕವನ್ನು ದೀಪಾವಳಿಯ ಲಕ್ಷ್ಮೀಪೂಜೆಗೆ ಮಾತ್ರ ಹೊರತೆಗೆಯುವ ಅಂಗಡಿಗಳೇ ಇಂದು ಹೆಚ್ಚು. ಆ ಪುಸ್ತಕವನ್ನು ಕೊಳ್ಳುವಾಗ ನಮ್ಮ ಹಿರಿಯರು ಹೊಲಿಗೆ ಗಟ್ಟಿಯಾಗಿದೆಯೇ, ಪುಟಸಂಖ್ಯೆ ಕ್ರಮವಾಗಿದೆಯೇ, ಶಾಯಿ ಹರಡುತ್ತದೆಯೇ ಎಂದು ಪರೀಕ್ಷಿಸಿ ನೋಡುತ್ತಿದ್ದರು. ಇಂದು ತಂತ್ರಾಂಶವನ್ನು ಕೊಳ್ಳುವ ನಾವು ಕೇಳುವ ಪ್ರಶ್ನೆ ಒಂದೇ: "ಇದರಲ್ಲಿ ಹೊಸದೇನಿದೆ?" ಹೊಲಿಗೆಯ ಗಟ್ಟಿತನದ ಬಗ್ಗೆ ಕೇಳುವವರು ವಿರಳ. ಈ ಅಭ್ಯಾಸವು ನಮಗೆ ದುಬಾರಿಯಾಗಿ ಪರಿಣಮಿಸುತ್ತಿದೆ ಎಂಬುದು ಲೆಕ್ಕಪರಿಶೋಧಕನಾಗಿ ನನ್ನ ಅನುಭವ.

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ನನ್ನ ಕಕ್ಷಿದಾರರಾದ ಓರ್ವ ಸಗಟು ವರ್ತಕರ ಮಳಿಗೆಯಲ್ಲಿ ಲೆಕ್ಕದ ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸಲಾಯಿತು. ಏಪ್ರಿಲ್‌ನಲ್ಲಿ ಲೆಕ್ಕ ಮುಗಿಸಲು ಕುಳಿತಾಗ ವಿಚಿತ್ರವೊಂದು ಕಂಡಿತು. ದಿನವಹಿಯಲ್ಲಿ ಇರುವ ಕೆಲವು ಬಿಲ್ಲುಗಳು ಗ್ರಾಹಕರ ಹೆಸರಿನಿಂದ ಹುಡುಕಿದರೆ ಸಿಗುತ್ತಿರಲಿಲ್ಲ. ಬಿಲ್ಲು ಬಿಟ್ಟುಹೋಗಿದೆ ಎಂದು ಭಾವಿಸಿದ ಗುಮಾಸ್ತರು ಅವುಗಳನ್ನು ಪುನಃ ನಮೂದಿಸಿದ್ದರು. ಹೀಗಾಗಿ ಮಾರಾಟ ಎರಡು ಬಾರಿ ಲೆಕ್ಕಕ್ಕೆ ಬಂದು, ಸಲ್ಲಿಸಿದ ಜಿಎಸ್‌ಟಿ ವಿವರಪಟ್ಟಿಗೂ ಪುಸ್ತಕಕ್ಕೂ ತಾಳೆಯಾಗದೆ, ಎರಡು ವಾರಗಳ ಕಾಲ ಒಂದೊಂದು ಬಿಲ್ಲನ್ನೂ ಕೈಯಿಂದ ಹೋಲಿಸಬೇಕಾಯಿತು. ತಂತ್ರಾಂಶ ಒದಗಿಸಿದ ಯುವಕರನ್ನು ಕರೆಸಿ, ಕೊಡುವ ಮುನ್ನ ಪರೀಕ್ಷಿಸಲಿಲ್ಲವೇ ಎಂದು ಕೇಳಿದೆ. "ಸಾರ್, ಎಲ್ಲರೂ ಮಾರ್ಚ್ ಒಳಗೆ ಬೇಕೇ ಬೇಕು ಎಂದು ಒತ್ತಾಯಿಸಿದರು, ಪರೀಕ್ಷೆಗೆ ಸಮಯವೇ ಸಿಗಲಿಲ್ಲ" ಎಂದರು. ಒತ್ತಾಯಿಸಿದವರಲ್ಲಿ ನನ್ನ ಕಕ್ಷಿದಾರರೂ ಒಬ್ಬರು. ತಪ್ಪು ಯಾರದೆಂದು ಹೇಳುವುದು ಕಷ್ಟವಾಯಿತು.

ಈ ಪ್ರಸಂಗದ ನಂತರ, ಜಗತ್ತಿನ ದೊಡ್ಡ ತಂತ್ರಾಂಶಗಳು ಬಿಡುಗಡೆಗೆ ಮುನ್ನ ಯಾವ ಶಿಸ್ತನ್ನು ಪಾಲಿಸುತ್ತವೆ ಎಂಬುದನ್ನು ತಿಳಿಯಲು ಯತ್ನಿಸಿದೆ. ಆಗ ಗಮನ ಸೆಳೆದದ್ದು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ದತ್ತಸಂಚಯ ತಂತ್ರಾಂಶ.

ಲೆಕ್ಕದ ಕೆಳಗಿನ ಕಪಾಟು

ನಾವು ಪರದೆಯ ಮೇಲೆ ನೋಡುವ ಲೆಕ್ಕದ ತಂತ್ರಾಂಶದ ಕೆಳಗೆ, ನಮೂದುಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಮತ್ತೊಂದು ವ್ಯವಸ್ಥೆ ಇರುತ್ತದೆ. ಅದೇ ದತ್ತಸಂಚಯ, ರೂಢಿಯಲ್ಲಿ ಡೇಟಾಬೇಸ್. ಪೋಸ್ಟ್‌ಗ್ರೆಸ್‌ಕ್ಯೂಎಲ್ ಅಂತಹ ಒಂದು ವ್ಯವಸ್ಥೆ. 1986ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊ. ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಇದರ ಮೂಲ ಯೋಜನೆ ಆರಂಭವಾಯಿತು. 1996ರಲ್ಲಿ ಈಗಿನ ಹೆಸರು ಬಂದಿತು. ಇದಕ್ಕೆ ಒಬ್ಬ ಮಾಲೀಕನಿಲ್ಲ. ಹಲವು ದೇಶಗಳ, ಹಲವು ಸಂಸ್ಥೆಗಳ ತಂತ್ರಜ್ಞರು ಕೂಡಿ ಕಟ್ಟುತ್ತಾರೆ. ಯಾರು ಬೇಕಾದರೂ ಪರವಾನಗಿ ಶುಲ್ಕವಿಲ್ಲದೆ ಬಳಸಬಹುದು, ಒಳಗಿನ ಸಂಕೇತವನ್ನು ಓದಬಹುದು. ಸಣ್ಣ ಉದ್ಯಮಗಳಲ್ಲಿ ಬಳಕೆಯಲ್ಲಿರುವ ಓಡೂ ಎಂಬ ತಂತ್ರಾಂಶವು ತನ್ನ ಎಲ್ಲ ನಮೂದುಗಳನ್ನು ಇದರಲ್ಲಿಯೇ ಇಡುತ್ತದೆ. ಆದುದರಿಂದ ಈ ವಿಷಯ ನಮಗೆ ದೂರದ್ದಲ್ಲ.

ಈ ತಂತ್ರಾಂಶದ ವಾರ್ಷಿಕ ಕ್ರಮವು ನಮ್ಮ ಲೆಕ್ಕಪತ್ರ ವರ್ಷವನ್ನು ಆಶ್ಚರ್ಯಕರವಾಗಿ ಹೋಲುತ್ತದೆ. ನಾವು ಮಾರ್ಚ್ 31ಕ್ಕೆ ಪುಸ್ತಕ ಮುಚ್ಚುತ್ತೇವೆ. ಅವರು ಏಪ್ರಿಲ್ ಮೊದಲ ಭಾಗದಲ್ಲಿ ಹೊಸ ಸೌಲಭ್ಯಗಳ ಸೇರ್ಪಡೆಯನ್ನು ನಿಲ್ಲಿಸುತ್ತಾರೆ. ಆ ದಿನದ ನಂತರ ಎಷ್ಟೇ ಉತ್ತಮವಾದ ಸೌಲಭ್ಯವಾದರೂ ಮುಂದಿನ ವರ್ಷಕ್ಕೆ ಹೋಗುತ್ತದೆ. ಕಂಪನಿಗಳು ಸೆಪ್ಟೆಂಬರ್ 30ರೊಳಗೆ ಪರಿಶೋಧಿತ ಲೆಕ್ಕವನ್ನು ವಾರ್ಷಿಕ ಸಭೆಯ ಮುಂದಿಡುವಂತೆ, ಅವರು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರ್‌ನಲ್ಲೋ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುತ್ತಾರೆ. 17ನೆಯ ಆವೃತ್ತಿ 2024ರ ಸೆಪ್ಟೆಂಬರ್ 26ರಂದೂ 18ನೆಯದು 2025ರ ಸೆಪ್ಟೆಂಬರ್ 25ರಂದೂ ಬಂದವು.

ನಡುವಿನ ತಿಂಗಳುಗಳಲ್ಲಿ ನಡೆಯುವುದು ದೋಷಗಳ ನಿವಾರಣೆ ಮತ್ತು ಒಪ್ಪ ಓರಣ ಮಾತ್ರ. ಬೀಟಾ ಎಂಬ ಪ್ರಾಯೋಗಿಕ ಆವೃತ್ತಿಗಳನ್ನು ಪ್ರಕಟಿಸಿ, ಬಳಸಿ ನೋಡಿ ತಪ್ಪು ತಿಳಿಸಿರೆಂದು ಎಲ್ಲರನ್ನೂ ಕೋರುತ್ತಾರೆ. ಬಗೆಹರಿಯದ ವಿಷಯಗಳ ಪಟ್ಟಿಯೊಂದನ್ನು ಬಹಿರಂಗವಾಗಿ ಇಟ್ಟು, ಅದನ್ನು ಒಂದೊಂದಾಗಿ ತೀರಿಸುತ್ತಾರೆ. ನಮ್ಮ ಸಸ್ಪೆನ್ಸ್ ಖಾತೆಯೂ ಇದೇ ರೀತಿಯದು. ಆ ಖಾತೆಯಲ್ಲಿ ಶಿಲ್ಕು ಉಳಿದಿರುವಾಗ ಅಢಾವೆ ಪತ್ರಿಕೆಗೆ ಸಹಿ ಹಾಕಲು ಯಾವ ಪರಿಶೋಧಕನೂ ಹಿಂಜರಿಯುತ್ತಾನೆ. ವ್ಯತ್ಯಾಸವೆಂದರೆ, ನಮ್ಮಲ್ಲಿ ಆ ಖಾತೆಯನ್ನು ಆದಷ್ಟು ಮರೆಯಲ್ಲಿಡುತ್ತೇವೆ. ಅವರು ಲೋಕದ ಮುಂದೆ ತೆರೆದಿಡುತ್ತಾರೆ.

ಮೂರು ಪ್ರಸಂಗಗಳು

ಮೊದಲನೆಯದು ತಿದ್ದುಪಡಿಯ ಅವಸರಕ್ಕೆ ಸಂಬಂಧಿಸಿದ್ದು. 2013ರ ಸೆಪ್ಟೆಂಬರ್‌ನಲ್ಲಿ ಬಂದ 9.3ನೆಯ ಆವೃತ್ತಿಯಲ್ಲಿ, ಒಂದೇ ನಮೂದನ್ನು ಏಕಕಾಲಕ್ಕೆ ಹಲವು ವ್ಯವಹಾರಗಳು ಹಿಡಿದಿಟ್ಟುಕೊಳ್ಳುವ ಸಂದರ್ಭವನ್ನು ನಿರ್ವಹಿಸುವ ವಿಧಾನ ಬದಲಾಯಿತು. ಅದರಲ್ಲಿ ಅಡಗಿದ್ದ ದೋಷಗಳು ದತ್ತಾಂಶಕ್ಕೇ ಧಕ್ಕೆ ತರುವಂತಹವು. ಅವು ಒಂದರ ನಂತರ ಒಂದರಂತೆ ವರ್ಷಗಟ್ಟಲೆ ಹೊರಬರುತ್ತಲೇ ಇದ್ದವು. 2015ರಲ್ಲಿ ಮೇ 22, ಜೂನ್ 4 ಮತ್ತು ಜೂನ್ 12ರಂದು, ಹೀಗೆ ತಿಂಗಳೊಳಗೆ ಮೂರು ತಿದ್ದುಪಡಿಗಳನ್ನು ಪ್ರಕಟಿಸಬೇಕಾಯಿತು. ಮೊದಲ ತಿದ್ದುಪಡಿಯೇ ಕೆಲವು ಗಣಕಗಳಲ್ಲಿ ದತ್ತಸಂಚಯವು ಪುನಃ ಆರಂಭವಾಗದಂತೆ ಮಾಡಿತ್ತು. ತಿದ್ದುಪಡಿಗೂ ಪರೀಕ್ಷೆ ಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಆ ವರ್ಷ ಬರಬೇಕಿದ್ದ 9.5ನೆಯ ಆವೃತ್ತಿಯನ್ನು ಎಂದಿನಂತೆ ಸೆಪ್ಟೆಂಬರ್‌ನಲ್ಲಿ ಹೊರತರಲಿಲ್ಲ. ಅದು 2016ರ ಜನವರಿ 7ರಂದು ಬಿಡುಗಡೆಯಾಯಿತು.

ಎರಡನೆಯದು ನನಗೆ ಅತ್ಯಂತ ಮೆಚ್ಚುಗೆಯಾದ ಪ್ರಸಂಗ. ನಾವು ಜಿಎಸ್‌ಟಿ ಜಾಲತಾಣಕ್ಕೆ ಕಳುಹಿಸುವ ವಿವರಪಟ್ಟಿ, ಇ-ಇನ್‌ವಾಯ್ಸ್ ಮೊದಲಾದವು ಜೇಸನ್ ಎಂಬ ಮಾದರಿಯ ಕಡತಗಳಲ್ಲಿ ಇರುತ್ತವೆ ಎಂಬುದು ಸದಸ್ಯರಿಗೆ ತಿಳಿದೇ ಇದೆ. ಇಂತಹ ಕಡತಗಳನ್ನು ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ನಿರ್ವಹಿಸುವ ಸೌಲಭ್ಯಗಳ ಗುಚ್ಛವೊಂದನ್ನು, ಹಲವು ವರ್ಷಗಳ ಶ್ರಮದ ನಂತರ, 15ನೆಯ ಆವೃತ್ತಿಗೆ ಸೇರಿಸಿದ್ದರು. ಬಳಕೆದಾರರು ಕಾತರದಿಂದ ಎದುರು ನೋಡುತ್ತಿದ್ದರು. ಆದರೆ ಪರೀಕ್ಷೆಯ ಅವಧಿಯಲ್ಲಿ, ತಪ್ಪಾದ ದತ್ತಾಂಶ ಬಂದಾಗ ಅದನ್ನು ನಿಭಾಯಿಸುವ ರೀತಿಯ ಬಗ್ಗೆ ಗಂಭೀರ ಆಕ್ಷೇಪಗಳು ಬಂದವು. ಬಿಡುಗಡೆಗೆ ಸುಮಾರು ಒಂದು ತಿಂಗಳಷ್ಟೇ ಇರುವಾಗ, 2022ರ ಸೆಪ್ಟೆಂಬರ್‌ನ ನಾಲ್ಕನೆಯ ಬೀಟಾದಲ್ಲಿ, ಇಡೀ ಗುಚ್ಛವನ್ನು ಹಿಂತೆಗೆದುಕೊಂಡರು. ಉಳಿದ ಆವೃತ್ತಿ ಅಕ್ಟೋಬರ್ 13ರಂದು ಹೊರಬಂದಿತು. ಹಿಂತೆಗೆದ ಕೆಲಸ ವ್ಯರ್ಥವಾಗಲಿಲ್ಲ. ಅದರ ಕೆಲವು ಭಾಗ 2023ರ 16ನೆಯ ಆವೃತ್ತಿಯಲ್ಲಿಯೂ ಮತ್ತೆ ಕೆಲವು 2024ರ 17ನೆಯದರಲ್ಲಿಯೂ ಸುಧಾರಿತ ರೂಪದಲ್ಲಿ ಬಂದವು. ಸಿದ್ಧವಾಗದ ಸರಕನ್ನು ಗೋದಾಮಿನ ಬಾಗಿಲಲ್ಲೇ ತಡೆದು ನಿಲ್ಲಿಸುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿ ಉತ್ಪಾದಕರಿಗೆ ಇದೆ?

ಮೂರನೆಯ ಪ್ರಸಂಗ ಇಷ್ಟೆಲ್ಲ ಶಿಸ್ತಿನ ನಡುವೆಯೂ ನುಸುಳಿದ ತಪ್ಪಿನದು. 2021ರ ಸೆಪ್ಟೆಂಬರ್ 30ರಂದು ಬಂದ 14ನೆಯ ಆವೃತ್ತಿಯಲ್ಲಿ, ವ್ಯವಹಾರ ನಡೆಯುತ್ತಿರುವಾಗಲೇ ಸೂಚಿಯನ್ನು ರಚಿಸುವ ಕ್ರಿಯೆಯಲ್ಲಿ ದೋಷವಿತ್ತು. ಸೂಚಿ ಎಂದರೆ, ಯಾವ ಗ್ರಾಹಕರ ಖಾತೆ ಯಾವ ಪುಟದಲ್ಲಿದೆ ಎಂದು ಹಳೆಯ ಖಾತೆ ಪುಸ್ತಕದ ಆರಂಭದಲ್ಲಿ ಬರೆದಿಡುತ್ತಿದ್ದ ಪಟ್ಟಿ. ದೋಷದಿಂದಾಗಿ ನಮೂದು ಪುಸ್ತಕದಲ್ಲಿದ್ದರೂ ಸೂಚಿಯಿಂದ ಬಿಟ್ಟುಹೋಗುವ ಸಾಧ್ಯತೆ ಇತ್ತು. ನನ್ನ ಕಕ್ಷಿದಾರರ ಮಳಿಗೆಯಲ್ಲಿ ಕಂಡ ಲಕ್ಷಣವೂ ಇಂತಹುದೇ, ಅಲ್ಲಿನ ತಂತ್ರಾಂಶ ಬೇರೆಯಾದರೂ. ಈ ದೋಷ ಪತ್ತೆಯಾದಾಗ, ನಿಗದಿತ ದಿನಕ್ಕೆ ಕಾಯದೆ 2022ರ ಜೂನ್ 16ರಂದು 14.4 ಎಂಬ ವಿಶೇಷ ತಿದ್ದುಪಡಿಯನ್ನು ಹೊರತಂದರು. ದೋಷವೇನು, ಯಾರಿಗೆ ತಗುಲಿರಬಹುದು, ಸೂಚಿಯನ್ನು ಹೇಗೆ ಪುನಃ ರಚಿಸಬೇಕು ಎಂಬುದನ್ನೆಲ್ಲ ಬಿಚ್ಚಿ ಹೇಳಿದರು. ನನ್ನ ಕಕ್ಷಿದಾರರಿಗೆ ಅಂತಹ ಒಂದು ಸಾಲಿನ ಪತ್ರವಾದರೂ ಬಂದಿದ್ದರೆ, ಗುಮಾಸ್ತರು ಬಿಲ್ಲುಗಳನ್ನು ಮರುನಮೂದಿಸುತ್ತಿರಲಿಲ್ಲ.

ಪುಕ್ಕಟೆಯಾದುದಕ್ಕೆ ಹೊಣೆ ಯಾರು?

ವಾಣಿಜ್ಯ ಮಂಡಳಿಯ ಸಭೆಗಳಲ್ಲಿ ಮುಕ್ತ ತಂತ್ರಾಂಶದ ಮಾತು ಬಂದಾಗ ಕೇಳಿಬರುವ ಆಕ್ಷೇಪ ಇದು. "ದುಡ್ಡು ಕೊಟ್ಟು ಕೊಂಡರೆ ಹಿಡಿದು ಕೇಳಬಹುದು. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರನ್ನು ಕೇಳುವುದು?" ಪ್ರಶ್ನೆ ನ್ಯಾಯವಾದುದೇ. ಮುಕ್ತ ತಂತ್ರಾಂಶದ ಪರವಾನಗಿಯಲ್ಲಿ ಯಾವುದೇ ಖಾತರಿ ಇಲ್ಲವೆಂದು ಸ್ಪಷ್ಟವಾಗಿ ಬರೆದಿರುತ್ತದೆ. ಆದರೆ ಹಣ ಕೊಟ್ಟು ಕೊಂಡ ತಂತ್ರಾಂಶಗಳ ಕರಾರುಪತ್ರವನ್ನೂ ಒಮ್ಮೆ ಪೂರ್ತಿ ಓದಿ ನೋಡಿ. ಬಹುತೇಕ ಕರಾರುಗಳಲ್ಲಿ ಹೊಣೆಗಾರಿಕೆಯನ್ನು ಕೊಟ್ಟ ಶುಲ್ಕದ ಮೊತ್ತಕ್ಕೋ ಅದಕ್ಕಿಂತ ಕಡಿಮೆಗೋ ಸೀಮಿತಗೊಳಿಸಿರುತ್ತಾರೆ. ನಷ್ಟವಾದ ಮೇಲೆ ಕೇಳುವ ಹಕ್ಕಿಗಿಂತ, ನಷ್ಟವಾಗುವ ಮುನ್ನ ತಿಳಿಯುವ ಅವಕಾಶ ವರ್ತಕನಿಗೆ ಹೆಚ್ಚು ಬೆಲೆಯುಳ್ಳದ್ದು.

ಹಾಗೆಂದು ಮುಕ್ತ ತಂತ್ರಾಂಶಗಳೆಲ್ಲವೂ ದೋಷಮುಕ್ತವೆಂದು ನಾನು ಹೇಳಲಾರೆ. 2008ರ ನವೆಂಬರ್‌ನಲ್ಲಿ ಮೈಎಸ್‌ಕ್ಯೂಎಲ್ ಎಂಬ ಮತ್ತೊಂದು ಮುಕ್ತ ದತ್ತಸಂಚಯದ 5.1ನೆಯ ಆವೃತ್ತಿ ಬಿಡುಗಡೆಯಾದಾಗ, ಅದರ ಮೂಲ ನಿರ್ಮಾತೃಗಳಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್ ಅವರೇ, ಗೊತ್ತಿರುವ ಗಂಭೀರ ದೋಷಗಳನ್ನು ಉಳಿಸಿಕೊಂಡೇ ಬಿಡುಗಡೆ ಮಾಡಲಾಗಿದೆ ಎಂದು ಬಹಿರಂಗವಾಗಿ ಟೀಕಿಸಿದರು. ಆ ಸಂಸ್ಥೆಯನ್ನು ಅದೇ ವರ್ಷ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತ್ತು. ಮಾಲೀಕರ ಸಂಸ್ಥೆಯೊಳಗಿದ್ದುಕೊಂಡೇ ಅವರು ಹೀಗೆ ಹೇಳಬಲ್ಲವರಾದರು, ದೋಷಗಳ ಪಟ್ಟಿ ಎಲ್ಲರ ಕಣ್ಣಿಗೂ ಕಾಣುವಂತಿತ್ತು. ತಂತ್ರಾಂಶಕ್ಕೆ ಬೆಲೆ ಇದೆಯೇ ಇಲ್ಲವೇ ಎಂಬುದು ಗೌಣ. ಬಿಡುಗಡೆಯ ದಿನವನ್ನು ದೋಷಪಟ್ಟಿ ನಿರ್ಧರಿಸುತ್ತದೆಯೋ ಮಾರಾಟದ ಗುರಿ ನಿರ್ಧರಿಸುತ್ತದೆಯೋ ಎಂಬುದೇ ಮುಖ್ಯ.

ಈಗ ಇದಕ್ಕೆ ಕಾನೂನಿನ ಆಯಾಮವೂ ಸೇರಿದೆ. 2023ರ ಏಪ್ರಿಲ್ 1ರಿಂದ, ತಂತ್ರಾಂಶದಲ್ಲಿ ಲೆಕ್ಕವಿಡುವ ಪ್ರತಿ ಕಂಪನಿಯೂ, ಯಾವ ನಮೂದು ಯಾವಾಗ ಬದಲಾಯಿತೆಂಬ ಜಾಡನ್ನು ದಾಖಲಿಸುವ ಮತ್ತು ಆ ದಾಖಲೆಯನ್ನು ನಿಲ್ಲಿಸಲಾಗದಂತಹ ತಂತ್ರಾಂಶವನ್ನೇ ಬಳಸಬೇಕು. ಅದು ವರ್ಷವಿಡೀ ಕಾರ್ಯನಿರ್ವಹಿಸಿತೇ ಎಂಬುದನ್ನು ಪರಿಶೋಧಕರು ತಮ್ಮ ವರದಿಯಲ್ಲಿ ತಿಳಿಸಬೇಕು. ನಡುವರ್ಷದಲ್ಲಿ ಅವಸರದ ಆವೃತ್ತಿ ಅಳವಡಿಸಿ ಈ ಜಾಡು ತುಂಡಾದರೆ, "ತಂತ್ರಾಂಶದ ದೋಷ" ಎಂಬ ಉತ್ತರದಿಂದ ಆಡಳಿತ ಮಂಡಳಿಯ ಹೊಣೆ ತಪ್ಪುವುದಿಲ್ಲ.

ನಾವು ಮಾಡಬೇಕಾದದ್ದು

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು.

1. ನಿಮ್ಮ ಲೆಕ್ಕದ ತಂತ್ರಾಂಶದ ಕೆಳಗೆ ಯಾವ ದತ್ತಸಂಚಯವಿದೆ, ಅದರ ಯಾವ ಆವೃತ್ತಿಯಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಪ್ರತಿ ಆವೃತ್ತಿಗೆ ಐದು ವರ್ಷ ಮಾತ್ರ ತಿದ್ದುಪಡಿ ದೊರೆಯುತ್ತದೆ. 2020ರಲ್ಲಿ ಬಂದ 13ನೆಯ ಆವೃತ್ತಿಗೆ 2025ರ ನವೆಂಬರ್‌ನಲ್ಲಿ ಕೊನೆಯ ತಿದ್ದುಪಡಿ ಬಂದಿತು.

2. ಕಿರು ತಿದ್ದುಪಡಿಯನ್ನೂ ದೊಡ್ಡ ಆವೃತ್ತಿಯನ್ನೂ ಒಂದೇ ಎಂದು ತಿಳಿಯಬೇಡಿ. ಫೆಬ್ರವರಿ, ಮೇ, ಆಗಸ್ಟ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಬರುವ ಕಿರು ತಿದ್ದುಪಡಿಗಳಲ್ಲಿ ಇರುವುದು ದೋಷನಿವಾರಣೆ. ಅವುಗಳನ್ನು ಮುಂದೂಡುವುದು ಸೋರುವ ಹೆಂಚನ್ನು ಮಳೆಗಾಲದಲ್ಲಿ ಹಾಗೆಯೇ ಬಿಟ್ಟಂತೆ. ದೊಡ್ಡ ಆವೃತ್ತಿಯ ವಿಷಯದಲ್ಲಿ ಒಂದೆರಡು ಕಿರು ತಿದ್ದುಪಡಿಗಳು ಬರುವವರೆಗೆ ಕಾಯುವುದು ವಿವೇಕ.

3. ಮಾರ್ಚ್‌ನಲ್ಲಿ ಹಾಗೂ ವಿವರಪಟ್ಟಿ ಸಲ್ಲಿಸುವ ದಿನಗಳ ಆಸುಪಾಸಿನಲ್ಲಿ ಯಾವ ಬದಲಾವಣೆಯನ್ನೂ ಮಾಡಿಸಬೇಡಿ.

4. ಹಳೆಯ ಗಣಕವೊಂದರಲ್ಲಿ ನಿಮ್ಮದೇ ಲೆಕ್ಕದ ಪ್ರತಿಯನ್ನಿಟ್ಟು ಹೊಸ ಆವೃತ್ತಿಯನ್ನು ಮೊದಲು ಅಲ್ಲಿ ಪರೀಕ್ಷಿಸಿ. ಹಳೆಯದರ ತಾಳೆಪಟ್ಟಿ, ದಾಸ್ತಾನು ಪಟ್ಟಿ, ಗ್ರಾಹಕವಾರು ಬಾಕಿ ಇವು ಹೊಸದರಲ್ಲಿಯೂ ಪೈಸೆ ಪೈಸೆಗೆ ಹೊಂದಬೇಕು. ಗ್ರಾಹಕರ ಹೆಸರುಗಳು ಕನ್ನಡದಲ್ಲಿದ್ದರೆ ಅಕಾರಾದಿ ಪಟ್ಟಿಯನ್ನೂ ಹುಡುಕುವಿಕೆಯನ್ನೂ ತಪ್ಪದೆ ನೋಡಿ. ಇದಕ್ಕೆ ಬೇಕಾದುದು ಒಂದು ಭಾನುವಾರ.

5. ಬ್ಯಾಕಪ್ ಇದೆ ಎಂಬ ಮಾತಿಗೆ ತೃಪ್ತರಾಗದೆ, ಅದರಿಂದ ಲೆಕ್ಕವನ್ನು ಪುನಃ ತೆರೆದು ತೋರಿಸುವಂತೆ ವರ್ಷಕ್ಕೆರಡು ಬಾರಿಯಾದರೂ ಕೇಳಿ.

6. ತಪ್ಪು ಕಂಡರೆ ಬೈದು ಸುಮ್ಮನಾಗದೆ, ಏನು ಮಾಡಿದಾಗ ಏನಾಯಿತು ಎಂಬುದನ್ನು ಬರೆದು ತಿಳಿಸಿ. ಬಿಡುಗಡೆಗೆ ಮುನ್ನ ಬಳಸಿ ನೋಡುವವರು ಹೆಚ್ಚಿದಷ್ಟೂ ಬಿಡುಗಡೆಯ ನಂತರದ ಸಂಕಟ ಕಡಿಮೆ.

ಕೊನೆಯದಾಗಿ, ತಂತ್ರಾಂಶ ಒದಗಿಸುವವರು "ಇನ್ನೂ ಒಂದು ತಿಂಗಳು ಬೇಕು, ಪರೀಕ್ಷೆ ಮುಗಿದಿಲ್ಲ" ಎಂದರೆ ಅವರ ಮೇಲೆ ಕೋಪಿಸಿಕೊಳ್ಳಬೇಡಿ. ಆ ಮಾತನ್ನು ಹೇಳಲು ಧೈರ್ಯ ಬೇಕು. ಹೇಳಿದವರನ್ನು ಬಿಟ್ಟು, ನಾಳೆಯೇ ಕೊಡುತ್ತೇನೆ ಎಂದವರ ಬಳಿಗೆ ಓಡುವ ನಮ್ಮ ಸ್ವಭಾವವೇ ಅರೆಬೆಂದ ಸರಕನ್ನು ಮಾರುಕಟ್ಟೆಗೆ ತರುತ್ತಿದೆ. ನನ್ನ ಆ ಕಕ್ಷಿದಾರರು ಕಳೆದ ಬಾರಿ ಹೊಸ ಆವೃತ್ತಿಯನ್ನು ಜುಲೈಯಲ್ಲಿ ಅಳವಡಿಸಿದರು, ಅದೂ ಮೂರು ವಾರ ಪ್ರತಿಯ ಮೇಲೆ ನಡೆಸಿ ನೋಡಿದ ನಂತರ. ಈ ವರ್ಷ ಅವರ ಲೆಕ್ಕ ಮೊದಲ ದಿನವೇ ತಾಳೆಯಾಯಿತು.